ಕಾವ್ಯದಲ್ಲಿ ಹಿರಿಯರು ಮಕ್ಕಳಿಂದ ಮುಚ್ಚಿಟ್ಟ ಮಾತು

ಸಾವು, ಹಸಿವು, ಅಗಲಿಕೆಗಳನ್ನು ಮಕ್ಕಳಿಗೆ ಹೇಳುವುದು ಹೇಗೆ ಎಂಬ ಸಂಕಟ ಹಾಡು, ಕಾವ್ಯಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ಅಲ್ಲಿನ ಹಿರಿಯರು ಮೂರು ದಾರಿ ಹಿಡಿಯುತ್ತಾರೆ. ಕೆಲವರು ಸತ್ಯವನ್ನು ಮರೆಮಾಡುತ್ತಾರೆ, ಕೆಲವರು ಅದನ್ನು ಮೆತ್ತಗೆ ಮಾಡುತ್ತಾರೆ, ಇನ್ನು ಕೆಲವರು ಮಗುವಿಗೊಂದು ಆಸರೆ ಕಟ್ಟಿಕೊಟ್ಟು ಇದ್ದದ್ದನ್ನು ಇದ್ದಂತೆಯೇ ಹೇಳುತ್ತಾರೆ. ಕನ್ನಡ, ದಖನಿ ಉರ್ದು, ಮರಾಠಿ ಬೆರೆತಿರುವ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಈ ಮೂರೂ ದಾರಿಗಳ ಪರಿಚಯವಿದೆ.

ಮರೆಮಾಚುವ ದಾರಿ ಎದ್ದು ಕಾಣುವುದು ಮೊಹರಂ ಕಥನದಲ್ಲಿ. ಕ್ರಿ.ಶ. 680ರಲ್ಲಿ, ಅಂದರೆ ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನ್ ಮತ್ತು ಅವರ ಸಂಗಡಿಗರು ಇಂದಿನ ಇರಾಕಿನ ಕರ್ಬಲಾದಲ್ಲಿ ಹತರಾದರು. ಈ ದುಃಖವನ್ನು ಹಾಡುವ ಉರ್ದು ಕಾವ್ಯವೇ ಮರ್ಸಿಯಾ. ದಖನಿಯಲ್ಲಿ ಮರ್ಸಿಯಾ ಬರೆದವರಲ್ಲಿ ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾ ಕೂಡ ಒಬ್ಬ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಮೊಹರಂ ಅನ್ನು ಅಲಾಯಿ ಹಬ್ಬವೆಂದು ಆಚರಿಸುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದ ಮೊಹರಂ ಪದಗಳಲ್ಲಿ ಹಾಡುತ್ತಾರೆ.

ಈ ಪರಂಪರೆಯ ಕರುಳು ಹಿಂಡುವ ಪಾತ್ರ ಹುಸೇನರ ಪುಟ್ಟ ಮಗಳು ಸಕೀನಾ. ಬಾಯಾರಿದ ಅವಳಿಗಾಗಿ ನೀರು ತರಲು ಹೋದ ಚಿಕ್ಕಪ್ಪ ಅಬ್ಬಾಸ್ ಮರಳಿ ಬರುವುದಿಲ್ಲ. ಸೆರೆಯಾಗಿ ಡಮಾಸ್ಕಸ್‌ಗೆ ಹೋದ ಹೆಂಗಸರು, ಅಪ್ಪಂದಿರು ಪ್ರಯಾಣ ಹೋಗಿದ್ದಾರೆ, ಬರುತ್ತಾರೆ ಎಂದು ಮಕ್ಕಳನ್ನು ಸಮಾಧಾನಪಡಿಸಿದರೆಂದು ಕಥೆ ಹೇಳುತ್ತದೆ. ಒಂದು ರಾತ್ರಿ ಮಗು ತಂದೆಯನ್ನು ಕನಸಿನಲ್ಲಿ ಕಂಡು ಅಳತೊಡಗುತ್ತದೆ. ಆಗ ಮುಚ್ಚಿಟ್ಟ ಸತ್ಯ ಹೊರಬೀಳುತ್ತದೆ, ಆ ಆಘಾತವನ್ನು ತಾಳದೆ ಮಗು ಪ್ರಾಣ ಬಿಡುತ್ತದೆ. ಮಗುವಿಗೆ ಗೊತ್ತಿಲ್ಲದ್ದು ಕೇಳುಗರಿಗೆ ಮೊದಲೇ ಗೊತ್ತಿರುತ್ತದೆ. ಹಾಡಿನ ಕರುಣರಸ ಹುಟ್ಟುವುದು ಈ ಅಂತರದಲ್ಲಿಯೇ. ಆ ಹೆಂಗಸರ ಸುಳ್ಳನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಅದು ಎಷ್ಟು ದಿನ ನಿಂತೀತು ಎಂಬ ಭಯ ಮಾತ್ರ ಕೇಳುಗರನ್ನು ಬಿಡುವುದಿಲ್ಲ.

ಎರಡನೆಯ ದಾರಿ ಜೋಗುಳದ್ದು. ಸೀರೆಯ ಜೋಲಿಯಲ್ಲಿ ಮಲಗಿದ ಕೂಸಿಗೂ ಜನಪದ ತಾಯಿ ಬಂಗಾರದ ತೊಟ್ಟಿಲು ಹಾಡುತ್ತಾಳೆ. ಮನೆಯ ಬಡತನ ಅವಳಿಗೆ ಗೊತ್ತು. ಅದರ ಭಾರ ಕೂಸಿನ ನಿದ್ದೆಯ ಮೇಲೆ ಬೀಳದಂತೆ ನೋಡಿಕೊಳ್ಳುತ್ತಾಳೆ. ಶಿಶುಗೀತೆಯೂ ಇದನ್ನೇ ಮಾಡಬಲ್ಲದು. ಪಂಜೆ ಮಂಗೇಶರಾಯರ (1874–1937) ‘ನಾಗರಹಾವೆ’ ಪದ್ಯದಲ್ಲಿ ಹಾವಿನ ಭಯ ಲಯಕ್ಕೆ ಸಿಕ್ಕಿ ಆಟವಾಗುತ್ತದೆ.

ಹೀಗೆ ಸಂತೈಸುವುದು ಬೇರೆ, ಮಗುವಿನ ಭಯವನ್ನೇ ಅಲ್ಲಗಳೆಯುವುದು ಬೇರೆ. ಜರ್ಮನ್ ಕವಿ ಗಯಟೆಯ 1782ರ ‘ಎರ್ಲ್‌ಕೋನಿಗ್’ ಕವಿತೆಯಲ್ಲಿ ತಂದೆ ಮಗನನ್ನು ಅಪ್ಪಿಕೊಂಡು ರಾತ್ರಿ ಕುದುರೆಯ ಮೇಲೆ ಧಾವಿಸುತ್ತಿದ್ದಾನೆ. ತನ್ನನ್ನು ಸೆಳೆಯಲು ಬಂದ ಮಾಯಾವಿಯನ್ನು ಮಗ ತೋರಿಸಿದಾಗಲೆಲ್ಲ, ಅದು ಮಂಜು, ಅದು ಎಲೆಗಳ ಸದ್ದು ಎನ್ನುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಮಗ ಸತ್ತಿರುತ್ತಾನೆ. ತಂದೆಯ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಮಗ ತನ್ನ ಭಯದೊಳಗೆ ಒಂಟಿಯಾಗಿಯೇ ಉಳಿದ.

ಮೂರನೆಯ ದಾರಿಯನ್ನು ತೋರುವುದು ‘ಗೋವಿನ ಹಾಡು’. ಶಾಲೆಯ ಪಾಠವಾಗಿ ಅದು ಕನ್ನಡದ ಮಕ್ಕಳ ತಲೆಮಾರುಗಳನ್ನು ಮುಟ್ಟಿದೆ. ಕರುವಿಗೆ ಹಾಲು ಕುಡಿಸಿ ಮರಳಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು ಹಟ್ಟಿಗೆ ಬಂದ ಹಸು ಪುಣ್ಯಕೋಟಿ, ಮೇಯಲು ಹೋಗುತ್ತೇನೆಂದು ಸುಳ್ಳು ಹೇಳಿ ಕರುವಿನಿಂದ ಜಾರಿಕೊಳ್ಳಬಹುದಿತ್ತು. ಅವಳು ಹಾಗೆ ಮಾಡುವುದಿಲ್ಲ. ಕೊನೆಯ ಹಾಲು ಕುಡಿಸುತ್ತಾಳೆ, ತಾನು ಸಾಯಲು ಹೋಗುವುದನ್ನು ತಿಳಿಸುತ್ತಾಳೆ, ಕರು ಬೇಡವೆಂದು ಅತ್ತಾಗ ಕೊಟ್ಟ ಮಾತಿನ ಬೆಲೆಯನ್ನು ವಿವರಿಸುತ್ತಾಳೆ. ಅಷ್ಟಕ್ಕೇ ಬಿಡದೆ ಜೊತೆಯ ಹಸುಗಳನ್ನು ಕರೆದು, ತಬ್ಬಲಿಯಾಗುವ ಕರುವನ್ನು ಸ್ವಂತ ಮಗುವಿನಂತೆ ಸಾಕಬೇಕೆಂದು ಒಪ್ಪಿಸುತ್ತಾಳೆ. ಇಲ್ಲಿ ಕರುವಿಗೆ ಸಿಗುವ ರಕ್ಷಣೆ ಆ ಬಳಗದ್ದು.

ಈ ಮೂರು ದಾರಿಗಳಲ್ಲಿ ಕಾವ್ಯ ಒಂದನ್ನೇ ಸರಿಯೆಂದು ಸಾರುವುದಿಲ್ಲ. ಸೆರೆಯಲ್ಲಿದ್ದ ಹೆಂಗಸರ ಕೈಯಲ್ಲಿ ಒಂದು ಸುಳ್ಳಿನ ಹೊರತು ಏನೂ ಉಳಿದಿರಲಿಲ್ಲ. ಪುಣ್ಯಕೋಟಿಗೆ ಹಟ್ಟಿಯ ಬಂಧುಗಳಿದ್ದರು. ಸತ್ಯವನ್ನು ಕೇಳಿದ ಮೇಲೆ ಮಗುವಿನ ಕೈ ಹಿಡಿಯುವವರು ಇದ್ದಾರೆಯೇ ಎಂಬುದನ್ನು ನೋಡಿಯೇ ಹೇಳುವ ಹೊತ್ತನ್ನು ನಿರ್ಧರಿಸಬೇಕು ಎಂಬ ವಿವೇಕವನ್ನು ಈ ಹಾಡುಗಳು ಹಿರಿಯರಿಗೆ ಕಲಿಸುತ್ತವೆ.