ಸಾಲಕ್ಕೆ ಮೊದಲು ಲೆಕ್ಕ: ಯೋಜನಾ ವರದಿ ಬರೆಯುವ ಬಗೆ

ಕೊಯ್ಲು ಮುಗಿದು ತುಸು ಬಿಡುವು ಸಿಕ್ಕೊಡನೆ ನಮ್ಮ ಸದಸ್ಯರಲ್ಲಿ ಹಲವರು ಅಡಿಕೆ ಸುಲಿಯುವ ಯಂತ್ರ, ಒಣಗಿಸುವ ಮನೆ, ಕಾಫಿ ಪಲ್ಪರ್, ಸಿಮೆಂಟಿನ ಕಣ ಮುಂತಾದವುಗಳ ಸಲುವಾಗಿ ಬ್ಯಾಂಕಿಗೆ ಎಡತಾಕುವುದುಂಟು. ಅಲ್ಲಿ ಮೊದಲು ಕೇಳುವುದು ಯೋಜನಾ ವರದಿ. ಬಹುಮಂದಿ ಅದನ್ನು ಪೇಟೆಯಲ್ಲಿ ಯಾರಿಂದಲೋ ಬರೆಸಿ, ಓದದೆಯೇ ಸಹಿ ಹಾಕಿ ಕೊಡುತ್ತಾರೆ. ಈ ಅಭ್ಯಾಸ ಒಳ್ಳೆಯದಲ್ಲ. ಆಧಾರಕ್ಕೆ ಕೊಡುವುದು ನಮ್ಮ ತೋಟವನ್ನು. ಆದುದರಿಂದ ಲೆಕ್ಕವೂ ನಮ್ಮದೇ ಆಗಿರಬೇಕು.

ಸಾಲ ಕೊಡುವವರು ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ: ಕೇಳುವವನ ಕೈಯಿಂದ ಎಷ್ಟು ಹಣ ಹಾಕುತ್ತಾನೆ, ಹುಟ್ಟುವಳಿಯಿಂದ ಕಂತು ತೀರೀತೇ, ಬೆಲೆ ಬಿದ್ದರೆ ಗತಿಯೇನು. ಮೂರನೆಯದನ್ನು ನಾವು ಸಾಮಾನ್ಯವಾಗಿ ಬರೆಯುವುದೇ ಇಲ್ಲ. 1996ರಲ್ಲಿ ಕಾಫಿಯ ಪೂಲ್ ಪದ್ಧತಿ ಕೊನೆಗೊಂಡ ಮೇಲೆ ಮಾರುಕಟ್ಟೆಯ ಏರಿಳಿತವೆಲ್ಲ ಬೆಳೆಗಾರನ ಹೆಗಲಿಗೇ ಬಿದ್ದಿದೆ. 2001-02ರ ಸುಮಾರಿಗೆ ಕಾಫಿ ಬೆಲೆ ಕುಸಿದಾಗ ಸಾಲಗಾರರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ.

ಒಂದು ಉದಾಹರಣೆಯನ್ನು ಗಮನಿಸೋಣ. 8 ಲಕ್ಷ ರೂಪಾಯಿಯ ಘಟಕ; ಸ್ವಂತ ಹಣ 2 ಲಕ್ಷ, ಸಾಲ 6 ಲಕ್ಷ, ಬಡ್ಡಿ ಶೇಕಡಾ 10, ಅವಧಿ 5 ವರ್ಷ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಅಸಲು 1,20,000, ಬಡ್ಡಿ 60,000, ಒಟ್ಟು 1,80,000 ರೂಪಾಯಿ ಕಟ್ಟಬೇಕು. ಮಾರಾಟ 12 ಲಕ್ಷ, ಖರ್ಚು 9 ಲಕ್ಷವಾದರೆ ಉಳಿಕೆ 3 ಲಕ್ಷ. ಇದು ಕಂತಿನ ಒಂದೂವರೆ ಪಟ್ಟಿಗೂ ಹೆಚ್ಚು. ವರದಿ ಚೆನ್ನಾಗಿಯೇ ಕಾಣುತ್ತದೆ.

ಆದರೆ ಬೆಲೆ ಶೇಕಡಾ 10 ಮಾತ್ರ ಇಳಿಯಲಿ. ಮಾರಾಟ 10,80,000ಕ್ಕೆ ಬರುತ್ತದೆ, ಖರ್ಚು ಇಳಿಯುವುದಿಲ್ಲ. ಉಳಿಯುವುದು 1,80,000. ಅಷ್ಟೂ ಕಂತಿಗೆ ಸರಿಹೋಯಿತು, ಮನೆವಾರ್ತೆಗೆ ಬಿಡಿಗಾಸಿಲ್ಲ! ಅದೇ ಸಾಲವನ್ನು 8 ವರ್ಷಕ್ಕೆ ಪಡೆದಿದ್ದರೆ ಮೊದಲ ವರ್ಷದ ಹೊರೆ 1,35,000. ಕೈಯಲ್ಲಿ 45,000 ಉಳಿಯುತ್ತಿತ್ತು. ಒಟ್ಟು ಬಡ್ಡಿ ಹೆಚ್ಚಾಗುವುದು ನಿಜ, ಆದರೆ ತೋಟ ಉಳಿಯುತ್ತದೆ.

ಕಂತಿನ ತಿಂಗಳೂ ಮುಖ್ಯವೇ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಮಾರಿದ ಹಣ ಕೈಗೆ ಬರುವ ಕಾಲಕ್ಕೆ ಕಂತು ಬೀಳುವಂತೆ ಮೊದಲೇ ಕೇಳಿಕೊಳ್ಳಬೇಕು. ಔಷಧಿ ಹೊಡೆಯುವ ಮಳೆಗಾಲದಲ್ಲಿ ಕಂತು ಬಂದರೆ ಕೈಸಾಲವೇ ಗತಿಯಾದೀತು.

ವರದಿಯೊಡನೆ ಪಹಣಿ, ಋಣಭಾರ ಪತ್ರ, ಯಂತ್ರದ ಕೊಟೇಶನ್, ಹಿಂದಿನ ಮೂರು ವರ್ಷಗಳ ಮಾರಾಟದ ಚೀಟಿಗಳು ಇರಲಿ. ಇಳುವರಿಗೆ ಒಳ್ಳೆಯ ವರ್ಷವೊಂದನ್ನೇ ಹಿಡಿಯದೆ ಮೂರು ವರ್ಷಗಳ ಸರಾಸರಿ ಬರೆಯಿರಿ. ಕೊಳೆರೋಗ ಬಂದ ವರ್ಷವನ್ನು ಬಿಡಬೇಡಿ. ಬೇರೆಡೆಯ ಸಾಲವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ, ಅದು ಬ್ಯಾಂಕಿನವರಿಗೆ ತಿಳಿದೇ ತಿಳಿಯುತ್ತದೆ.

ಮೂರು ಎಕರೆಯ ತೋಟಕ್ಕೆ ದೊಡ್ಡ ಘಟಕ ಹೊರೆಯೇ ಸರಿ. ನಾಲ್ಕು ಮನೆಯವರು ಪಾಲು ಹಾಕಿ ಒಂದೇ ಘಟಕ ಮಾಡಿಕೊಳ್ಳಬಹುದು. ಆದರೆ ಯಾರ ಪಾಲೆಷ್ಟು, ಯಂತ್ರ ಮೊದಲು ಯಾರಿಗೆ, ಒಬ್ಬರು ಬಿಟ್ಟರೆ ಹಣ ಹೇಗೆ ಎಂಬುದೆಲ್ಲ ಬರಹದಲ್ಲಿರಲಿ. ನೆಂಟಸ್ತನ ಉಳಿಯುವುದೂ ಅದರಿಂದಲೇ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಅಳತೆ ತಿಳಿಸುವುದೇ ಯೋಜನಾ ವರದಿ. ಸದಸ್ಯ ಬಾಂಧವರು ಸಹಿ ಹಾಕುವ ಮುನ್ನ ಒಂದು ಸಂಜೆ ಮನೆಯವರೊಡನೆ ಕುಳಿತು ಈ ಲೆಕ್ಕ ಹಾಕಿ ನೋಡಬೇಕಾಗಿ ಕೋರುತ್ತೇವೆ.