ಬಾಟಲಿ ಬಿಟ್ಟರೂ ಬಿಡದ ಮಂಕು

ಬೆಂಗಳೂರಿನ ಶಾಲೆಯೊಂದರಲ್ಲಿ ಈಚೆಗೆ ಅಲ್-ಅನಾನ್ ಸಭೆಗೆ ಹೋಗಿದ್ದೆ. ಅದು ಕುಡಿಯುವವರ ಸಭೆಯಲ್ಲ, ಅವರ ಹೆಂಡತಿ, ಅಮ್ಮ, ಅಣ್ಣ-ತಮ್ಮಂದಿರದು. ಹೆಸರು ಹಾಕದೆ ಬರೆಯಿರಿ ಎಂದು ಒಪ್ಪಿದ ಗೃಹಿಣಿಯೊಬ್ಬರ ಮಾತು ಇನ್ನೂ ಕಿವಿಯಲ್ಲಿದೆ.

‘ತಮ್ಮ ತೀರಿಕೊಂಡ ಮೇಲೆ ಇವರು ಮಂಕಾದ್ರು. ನಿದ್ದೆಗೆ ಅಂತ ಶುರುವಾದ ಪೆಗ್ಗು ದಿನಾ ಕ್ವಾರ್ಟರ್‌ಗೆ ಬಂತು. ಬಾಟ್ಲಿ ಬಚ್ಚಿಟ್ಟೆ, ಸಿಂಕಿಗೆ ಸುರಿದೆ, ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ಆಫೀಸಿಗೆ ನಾನೇ ಫೋನ್ ಮಾಡಿ ಜ್ವರ ಅಂದೆ. ಒಂದು ಬೆಳಿಗ್ಗೆ, ಇನ್ನೂ ಕುಡಿದಿರಲಿಲ್ಲ, ಪಕ್ಕ ಕೂತು “ತುಂಬಾ ಸಂಕಟ ಆಗ್ತಿದೆಯಾ ರೀ?” ಅಂದೆ. ಅತ್ತುಬಿಟ್ರು. ಡಾಕ್ಟರ ಹತ್ರ ಬರ್ತೀನಿ ಅಂದ್ರು.’

ಕುಡಿತ ಬಿಡಬಯಸುವವರ ಕೂಟ ಅಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ನನ್ನನ್ನು ಹೆಚ್ಚು ಕಾಡುವುದು ಅದರ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಎಸೆದ ಬೂಟು. ಸಭೆಗೆ ತಡವಾಗುತ್ತದೆ, ಬೇಗ ಹೊರಡು ಎಂದ ಗಂಡನ ಮೇಲೆ ಆಕೆ ಅದನ್ನು ಎಸೆದರು. ಆತ ಕುಡಿದು ಬೀಳುತ್ತಿದ್ದ ವರ್ಷಗಳಲ್ಲಿ ಅಲ್ಲ, ಕುಡಿತ ಬಿಟ್ಟ ನಂತರ! ವರ್ಷಗಟ್ಟಲೆ ನುಂಗಿದ ಸಿಟ್ಟು, ದಣಿವು ಆಕೆಯೊಳಗೇ ಉಳಿದಿತ್ತು. ಮನೆಯವರಿಗೂ ಆರೈಕೆ ಬೇಕೆಂಬ ಆ ಅರಿವೇ 1951ರಲ್ಲಿ ಅಲ್-ಅನಾನ್ ಆಯಿತು. ಇನ್ನೊಂದು ಸಂಗತಿ: 1934ರ ಕೊನೆಗೆ ಕುಡಿತ ಬಿಟ್ಟ ಬಿಲ್ 1944ರಿಂದ ಸುಮಾರು ಹನ್ನೊಂದು ವರ್ಷ ಖಿನ್ನತೆಯಲ್ಲಿ ನರಳಿದರು. ಕುಡಿತ ನಿಂತರೆ ಎಲ್ಲ ಸರಿಹೋಯಿತು ಎನ್ನುವವರು ಇದನ್ನು ನೆನಪಿಡಬೇಕು.

ಮದ್ಯ ಆ ಕ್ಷಣಕ್ಕೆ ನೋವು ಮರೆಸುತ್ತದೆ. ಆದರೆ ನಿದ್ದೆ ಕೆಡಿಸಿ ಖಿನ್ನತೆ ಹೆಚ್ಚಿಸುತ್ತದೆ. ಕುಡಿತ ನಿಂತ ಕೆಲವು ವಾರಗಳಲ್ಲಿ ಹಲವರ ಮನಸ್ಸು ಹಗುರಾಗುತ್ತದೆ, ಎಲ್ಲರದ್ದೂ ಅಲ್ಲ. ಆದ್ದರಿಂದ ಕುಡಿತ, ಖಿನ್ನತೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ‘ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಗೋಡೆ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ಸಾರಿಗೆ ಗುಟ್ಟಾಗಿ ಪುಡಿ ಬೆರೆಸುವುದು ಜೀವಕ್ಕೆ ಮುಳುವಾಗಬಹುದು, ಉಳಿದಿರುವ ನಂಬಿಕೆಯನ್ನಂತೂ ಕೆಡಿಸುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದ್ದೇನು? ಅಮಲಿನಲ್ಲಿರುವವರ ಜತೆ ವಾದ ಬೇಡ. ಅವರ ಪರವಾಗಿ ಸುಳ್ಳು ಹೇಳಬೇಡಿ, ಸಾಲ ತೀರಿಸಬೇಡಿ. ಆದರೆ ಊಟಕ್ಕೆ ಕರೆಯಿರಿ, ವಾಕಿಂಗ್‌ಗೆ ಜತೆಯಾಗಿ, ಆಸ್ಪತ್ರೆಗೆ ನೀವೇ ಕರೆದೊಯ್ಯಿರಿ. ಹೊಡೆತ ಬಡಿತ ಇದ್ದರೆ ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ಸಾಯುವ ಮಾತು ಬಂದರೆ ‘ಕುಡಿದ ಮತ್ತಿನ ಮಾತು’ ಎಂದು ತಳ್ಳಿಹಾಕಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಸಿಗುತ್ತದೆ. ಅವರು ಒಪ್ಪುವತನಕ ಕಾಯಬೇಡಿ, ಮೊದಲ ಕರೆ ನೀವೇ ಮಾಡಿ.