ವೇಗಕ್ಕೊಂದು ಅಂಗಳ

ಅಕ್ಕನ ಮಗ ಹುಬ್ಬಳ್ಳಿಯಿಂದ ತನ್ನ ಪೋರ್ಷೆ 911 ತಂದಿದ್ದ. ದಾಂಡೇಲಿ ಬಳಿಯ ಅಂಬೇವಾಡಿಯಲ್ಲಿ ಟೈರಿಗೆ ಗಾಳಿ ಹಿಡಿಸಲು ನಿಲ್ಲಿಸಿದಾಗ ಹುಡುಗರೆಲ್ಲ ಸುತ್ತ ನೆರೆದರು. ಎಷ್ಟು ಓಡುತ್ತದೆ, ಎಷ್ಟು ಬೆಲೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಪ್ರಶ್ನೆಗಳು ಶುರುವಾದವು. 385 ಅಶ್ವಶಕ್ತಿ, ನಿಂತಲ್ಲಿಂದ ನೂರು ಮುಟ್ಟಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಎಂದು ಅವನೂ ಉತ್ಸಾಹದಿಂದ ಹೇಳುತ್ತಿದ್ದ. ಬಿದಿರು, ಕಟ್ಟಿಗೆ ಸಾಗಿಸುವ ಲಾರಿಗಳ ಕೆಳಗೇ ಆಯುಷ್ಯ ಕಳೆದ ಹಿರಿಯ ಮೇಸ್ತ್ರಿಯೊಬ್ಬರು ಚಕ್ರದ ಸಂದಿನಲ್ಲಿ ಬಗ್ಗಿ ನೋಡಿ ಒಂದೇ ಮಾತು ಕೇಳಿದರು: "ತಮ್ಮಾ, ಇದರ ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡ್ಸೀಯಪಾ?"

ಅವನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳ ನಂತರ ಚೆನ್ನೈ ಸಮೀಪದ ಇರುಂಗಟ್ಟುಕೋಟೈನ ರೇಸ್ ಟ್ರ್ಯಾಕಿನಲ್ಲಿ ಗಾಡಿ ತಪಾಸಣೆ ಮಾಡಿದವರು ಮೊದಲು ಕೇಳಿದ್ದೂ ಅದನ್ನೇ. ಅಷ್ಟರಲ್ಲಿ ಅವನು ಬದಲಿ ಮಾಡಿಸಿದ್ದ. ಜೊತೆಗೆ ನಾನೂ ಹೋಗಿದ್ದೆ.

ಅಲ್ಲಿ ನಡೆಯುವುದಕ್ಕೆ 'ಟ್ರ್ಯಾಕ್ ಡೇ' ಎಂದು ಹೆಸರು. ರೇಸ್ ಅಲ್ಲ, ಬಹುಮಾನವೂ ಇಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರನ್ನು ಟ್ರ್ಯಾಕಿಗೆ ಇಳಿಸಿ ದಿನವಿಡೀ ಕಲಿಯುವ ಅವಕಾಶ. ಸ್ಪರ್ಧೆಗೆ ಇಳಿಯಬೇಕಾದರೆ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟದ ಲೈಸೆನ್ಸ್ ಬೇಕು. ಇಲ್ಲಿಗೆ ಸಾಮಾನ್ಯವಾಗಿ ನಮ್ಮ ಡ್ರೈವಿಂಗ್ ಲೈಸೆನ್ಸೇ ಸಾಕು. ಜರ್ಮನಿಯಲ್ಲಿ 1927ರಲ್ಲಿ ತೆರೆದ ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ಹಳೆಯ ಹಾದಿಯಲ್ಲಿ ಇಂದಿಗೂ ಟಿಕೆಟ್ ಕೊಂಡು ಯಾರು ಬೇಕಾದರೂ ಕಾರು ಓಡಿಸಬಹುದು. ನಮ್ಮಲ್ಲಿ ಇದು ಇನ್ನೂ ಹೊಸ ಅಭ್ಯಾಸ.

ಇರುಂಗಟ್ಟುಕೋಟೈನ ಹಿಂದೆ ದೊಡ್ಡ ಕಥೆಯಿದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಎರಡನೇ ಮಹಾಯುದ್ಧ ಕಾಲದ ಶೋಳವರಂ ವಿಮಾನಪಟ್ಟಿಯೇ ಅವರ ಮೊದಲ ಅಂಗಳ. ಬೆಂಗಳೂರಿನ ಕಾರು-ಬೈಕು ಹುಚ್ಚಿನವರೂ ಅಲ್ಲಿಗೇ ಹೋಗುತ್ತಿದ್ದರು. 1980ರ ದಶಕದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದೂ ಅಲ್ಲೇ. ಕ್ಲಬ್ ಸ್ವಂತ ಜಾಗದಲ್ಲಿ 3.7 ಕಿ.ಮೀ. ಉದ್ದದ, 12 ತಿರುವುಗಳ ಈ ಟ್ರ್ಯಾಕ್ ಕಟ್ಟಿ 1990ರಲ್ಲಿ ತೆರೆಯಿತು. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ತೆರೆದ ಬುದ್ಧ ಸರ್ಕ್ಯೂಟ್ ಆಮೇಲೆ ಬಂದವು. ನಮ್ಮ ರಾಜ್ಯದಲ್ಲಿ ಈ ಮಟ್ಟದ ಒಂದು ಟ್ರ್ಯಾಕೂ ಇಲ್ಲ. ಬೆಂಗಳೂರಿನ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ಪಂದ್ಯಾವಳಿಯಲ್ಲಿ ಓಡಿಸುತ್ತಾರೆ, ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಸ್ಪ್ರಿಂಟ್ ರೇಸ್ ಗೆದ್ದರು. ಅಂಥವರ ನಾಡಿಗೆ ಇದು ಸಲ್ಲದ ಕೊರತೆ ಎಂದು ನನಗನ್ನಿಸುತ್ತದೆ.

ಆ ದಿನ ಬೆಳಿಗ್ಗೆ ತಪಾಸಣೆ, ಆಮೇಲೆ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ನಿಧಾನಿಸಬೇಕು, ಯಾರನ್ನೂ ಹಿಂದೆ ಹಾಕುವಂತಿಲ್ಲ. ಕೆಂಪು ಕಂಡರೆ ಓಟವೇ ನಿಂತಿತು. ಹಳದಿ-ಕೆಂಪು ಪಟ್ಟೆಯೆಂದರೆ ರಸ್ತೆ ಮೇಲೆ ಎಣ್ಣೆ ಚೆಲ್ಲಿದೆ, ಜಾರುತ್ತದೆ. ಓವರ್‌ಟೇಕ್ ಏನಿದ್ದರೂ ನೇರ ದಾರಿಯಲ್ಲಿ, ಅದೂ ಮುಂದಿನವನು ಕೈತೋರಿಸಿದ ಮೇಲೆ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿಗೆ ಎಮ್ಮೆ ಬರುವುದಿಲ್ಲ, ಸೈಕಲ್ ಮೇಲೆ ಶಾಲೆಯ ಮಗು ಬರುವುದಿಲ್ಲ. ಈ ನೆಮ್ಮದಿಯ ಬೆಲೆ ಅಂಬೇವಾಡಿ ರಸ್ತೆ ಬಲ್ಲವರಿಗೆ ಗೊತ್ತು.

ಮಧ್ಯಾಹ್ನ ಇಪ್ಪತ್ತು ನಿಮಿಷ ಸ್ಟೀರಿಂಗ್ ನನ್ನ ಕೈಗೆ ಬಂತು. ಪಕ್ಕದ ಸೀಟಿನಲ್ಲಿ ಕಲಿಸುವವರು ಬೆಂಗಳೂರಿನವರು, ಕನ್ನಡದಲ್ಲೇ ಹೇಳುತ್ತಿದ್ದರು. "ಬಾನೆಟ್ ನೋಡ್ಬೇಡಿ ಸರ್, ತಿರುವಿನ ಆಚೆ ನೋಡಿ. ಕಣ್ಣು ಹೋದ ಕಡೆ ಕೈ ತಾನಾಗೇ ಹೋಗುತ್ತೆ." ಮೊದಲ ಸುತ್ತು ಟೈರು ಬಿಸಿಯಾಗಲಿ ಎಂದು ಮೆಲ್ಲಗೆ. ಎರಡನೆಯದರಲ್ಲಿ ನೇರ ದಾರಿ ಸಿಕ್ಕಿತು, ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಬೆನ್ನ ಹಿಂದಿನ ಎಂಜಿನ್ ಕೂಗುತ್ತ ಸೀಟಿಗೆ ಒತ್ತಿ ಹಿಡಿಯಿತು. ಅದರ ಖುಷಿ ಹೇಳತೀರದು. ಆದರೆ ಅದಕ್ಕೆ ಕಸುಬೇನೂ ಬೇಕಿಲ್ಲ, ಪಾದದ ಭಾರ ಸಾಕು. ಕಸುಬು ಬೇಕಾದದ್ದು ಮರುಕ್ಷಣ, ಬ್ರೇಕ್ ಗುರುತಿನ ಫಲಕ ಓಡೋಡಿ ಬರುವಾಗ.

ಬ್ರೇಕನ್ನು ನೇರ ದಾರಿಯಲ್ಲೇ ಜೋರಾಗಿ ಒತ್ತಬೇಕು, ತಿರುವು ಹತ್ತಿರವಾದಂತೆ ಮೆಲ್ಲಗೆ ಸಡಿಲಿಸುತ್ತ ಬರಬೇಕು. ಹೊರ ಅಂಚಿನಿಂದ ಒಳಗೆ ತಿರುಗಿ, ತಿರುವಿನ ಒಳಮೂಲೆಯನ್ನು ಸವರಿ, ಮತ್ತೆ ಹೊರ ಅಂಚಿಗೆ ಬಿಡಬೇಕು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ? ಈ ಕಾರಿನ ಎಂಜಿನ್ ಹಿಂದಿನ ಗಾಲಿಗಳ ಆಚೆ ಕೂತಿದೆ. ಭಾರ ತಟ್ಟನೆ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ, ಬಾಲ ಹೊರಕ್ಕೆ ಬೀಸುತ್ತದೆ. ನಾನು ಒಮ್ಮೆ ಬಿಟ್ಟೆ. ಹಿಂಭಾಗ ಸರ್ರನೆ ಸರಿದದ್ದು ಸೊಂಟಕ್ಕೇ ತಿಳಿಯಿತು. ಕಾರಿನ ಎಲೆಕ್ಟ್ರಾನಿಕ್ಸ್ ಹಿಡಿದು ನಿಲ್ಲಿಸಿತು. ಅಷ್ಟು ದೊಡ್ಡ ಯಂತ್ರವನ್ನು ನೆಲಕ್ಕೆ ಹಿಡಿದಿಟ್ಟಿರುವುದು ನಾಲ್ಕು ಟೈರುಗಳ ನಾಲ್ಕು ಅಂಗೈಯಗಲದ ರಬ್ಬರು ಮಾತ್ರ ಎಂಬುದು ಆಗ ಮನಸ್ಸಿಗೆ ಇಳಿಯಿತು.

ಲೆಕ್ಕ ನೋಡಿ. ಒಂದೂವರೆ ಟನ್ನಿನ ಕಾರು 200 ಕಿ.ಮೀ. ವೇಗದಿಂದ 80ಕ್ಕೆ ಇಳಿದಾಗ ಹೊರಬೀಳುವ ಶಾಖದಿಂದ ಆರು ಲೀಟರ್ ತಣ್ಣೀರನ್ನು ಮರಳಿಸಬಹುದು. ಅದರ ಬಹುಪಾಲನ್ನು ಬ್ರೇಕ್ ಡಿಸ್ಕುಗಳು ನಾಲ್ಕೈದು ಸೆಕೆಂಡಿನಲ್ಲಿ ನುಂಗಬೇಕು, ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಮೆಲ್ಲಗೆ ಹೀರುತ್ತದೆ, ಆಗ ಆ ಮಿತಿ 155ರ ತನಕವೂ ಇಳಿಯಬಹುದು. ಎಣ್ಣೆ ಕುದ್ದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅಣಶಿ ಘಾಟಿ ಇಳಿಯುವ ಲಾರಿಗಳ ಲೈನರ್ ಸುಟ್ಟ ವಾಸನೆ ಗೊತ್ತಿರುವ ನಮ್ಮ ಚಾಲಕರು ಗೇರಿನ ಮೇಲೆ ಇಳಿಸುವುದು ಬ್ರೇಕಿನ ಶಾಖಕ್ಕೆ ಅಂಜಿಯೇ. ಅಂಬೇವಾಡಿಯ ಮೇಸ್ತ್ರಿಗೆ ಟ್ರ್ಯಾಕ್ ಗೊತ್ತಿರಲಿಲ್ಲ, ಘಾಟಿ ಗೊತ್ತಿತ್ತು.

ಇಪ್ಪತ್ತು ನಿಮಿಷ ಮುಗಿದಾಗ ಅಂಗಿ ತೊಯ್ದು ಮೈಗಂಟಿತ್ತು. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ಕಾರನ್ನು ತಂಪು ಮಾಡುತ್ತ ಬರಬೇಕು, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಟೈರಿನ ಗಾಳಿ ಬಿಸಿಗೆ ಏರಿರುತ್ತದೆ, ಅಳೆದು ಇಳಿಸಬೇಕು. ಸಂಜೆ ಮನೆಗೆ ಹೊರಡುವ ಮುನ್ನ ಮತ್ತೆ ತುಂಬಬೇಕು. ಇನ್ನೊಂದು ಸಂಗತಿ: ನಮ್ಮ ಸಾಮಾನ್ಯ ವಾಹನ ವಿಮೆ ರೇಸು, ವೇಗ ಪರೀಕ್ಷೆಗಳಲ್ಲಾದ ಹಾನಿಗೆ ಹಣ ಕೊಡುವುದಿಲ್ಲ. ಟ್ರ್ಯಾಕಿಗೆ ಹೋಗುವವರು ಪಾಲಿಸಿ ಓದಿಕೊಂಡೇ ಹೋಗಬೇಕು.

ಖರ್ಚಿದೆ, ದೂರವಿದೆ. ಅಂಬೇವಾಡಿಯಿಂದ ಇರುಂಗಟ್ಟುಕೋಟೈ 800 ಕಿ.ಮೀ. ಆಸುಪಾಸು. ಆದರೂ ಹೋಗಿ ಎನ್ನುತ್ತೇನೆ. ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿ, ಗೋವಾ ಕಡೆಯಿಂದ ದೊಡ್ಡ ಕಾರುಗಳು ದಾಂಡೇಲಿಗೆ ಬರುತ್ತವೆ. ಹಳಿಯಾಳ ರಸ್ತೆ, ಜೋಯಿಡಾದ ಕಾಡುದಾರಿ ಖಾಲಿ ಕಂಡಾಗ ಕಾಲು ತುರಿಸುವುದು ಸಹಜ. ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. ತಿರುವಿನ ಆಚೆ ಕಡವೆ ನಿಂತಿರಬಹುದು, ಸೌದೆ ಹೊತ್ತ ಅಜ್ಜಿ ದಾಟುತ್ತಿರಬಹುದು, ಹಳದಿ ಬಾವುಟ ಬೀಸುವವರು ಯಾರೂ ಇರುವುದಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಂಥ ಕಾರು ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ. ವರ್ಷಕ್ಕೊಂದು ದಿನ ಟ್ರ್ಯಾಕಿಗೆ ಹೋಗಿ ಕಲಿತು ಬನ್ನಿ. ಅಂಬೇವಾಡಿಯಲ್ಲಿ ಮೂವತ್ತರ ಮೇಲೆ ಓಡಿಸಬೇಡಿ. ಹೊರಡುವ ಮುಂಚೆ ಬ್ರೇಕ್ ಆಯಿಲ್ ಬದಲಿಸಿಕೊಳ್ಳಿ.